ರೊಟ್ಟಿ ಬಿಟ್ಟದ್ದು ಯಾವಾಗ?

ನಮ್ಮವ್ವ ಆರು ವರ್ಷ ರೊಟ್ಟಿ ತಿನ್ನಲಿಲ್ಲ. ಆ ಆರು ವರ್ಷವೂ ಮನೆಯವರಿಗೆ ರೊಟ್ಟಿ ತಟ್ಟಿ ಹಾಕಿದವಳು ಅವಳೇ. ಇದು ನನಗೆ ಗೊತ್ತಾಗುವ ಹೊತ್ತಿಗೆ ನಾನು ಹಲ್ಲಿನ ಡಾಕ್ಟರಾಗಿ, ಮೇಲಿನ ಓದಿಗೂ ಸೇರಿ, ಹಲ್ಲು ಕಡಿಯುವ ಅಭ್ಯಾಸ ಮತ್ತು ದವಡೆಯ ನೋವಿನ ಮೇಲೆ ಪ್ರಬಂಧ ಬರೆಯಲು ಹೊರಟಿದ್ದೆ. ಬೇರೆ ಊರಿಗೆ ಹೋಗಿ ಕಂಡಕಂಡವರ ಬಾಯಿ ತೆರೆಸಿ ಟಾರ್ಚು ಬಿಡುತ್ತಿದ್ದೆ. ಈಗ ನನ್ನ ತಲೆಯೂ ನರೆತಿದೆ. ಆದರೂ ಇದನ್ನು ಬರೆಯುವಾಗ ನಾಚಿಕೆಯಿಂದ ಕಿವಿ ಬಿಸಿಯಾಗುತ್ತದೆ.

ನಮ್ಮದು ಚಳ್ಳಕೆರೆ. ಅಪ್ಪನದು ಶೇಂಗಾ ವ್ಯಾಪಾರ, ಊರಾಚೆ ಒಂದಿಷ್ಟು ಹೊಲ. ಮನೆಯಲ್ಲಿದ್ದದ್ದು ನಾವು ಮೂವರೇ. ತೊಂಬತ್ತರ ದಶಕದ ಮೊದಲಿಗೆ ನಾನು ಹಲ್ಲಿನ ಕಾಲೇಜು ಸೇರಿ ಹಾಸ್ಟೆಲ್ಲಿಗೆ ಹೋದೆ. ಬಸ್ಸಿನಲ್ಲಿ ಮೂರು ತಾಸಿನ ದಾರಿ. ತಿಂಗಳಿಗೆರಡು ಸಲ ಶನಿವಾರ ಮಧ್ಯಾಹ್ನ ಬಂದು ಭಾನುವಾರ ಸಂಜೆ ಹೊರಡುತ್ತಿದ್ದೆ. ಬಂದ ಕೂಡಲೇ ಚೀಲ ಎಸೆದು ಒಲೆಯ ಮುಂದೆ ಕೂರುವುದು ನನ್ನ ಪದ್ಧತಿ. ಅವ್ವ ಹಂಚಿನ ಮೇಲಿಂದ ಜೋಳದ ರೊಟ್ಟಿಯನ್ನು ನೇರವಾಗಿ ನನ್ನ ತಟ್ಟೆಗೆ ಎಸೆಯುವಳು. ಜೊತೆಗೆ ಶೇಂಗಾ ಚಟ್ನಿಪುಡಿ, ಮೊಸರು. ನಾನು ತಿನ್ನುವುದನ್ನು ನೋಡುತ್ತ ಅವಳು ಮುಂದಿನ ರೊಟ್ಟಿ ತಟ್ಟುವಳು. ನಾನೂ ಅಪ್ಪನೂ ಕೈತೊಳೆದು ಎದ್ದ ಮೇಲೆ ಅವಳು ತನಗೊಂದು ರಾಗಿ ಮುದ್ದೆ ಹಾಕಿಕೊಂಡು ಕೂರುವಳು. "ನಿಮ್ಮವ್ವನಿಗೆ ಮುದ್ದೆ ಅಂದ್ರೆ ಪ್ರಾಣ" ಎಂದು ಅಪ್ಪ ಹೇಳುತ್ತಿದ್ದರು. ನಾನೂ ಹಾಗೇ ನಂಬಿದ್ದೆ.

ರೊಟ್ಟಿಯ ಬಗ್ಗೆ ಇನ್ನೂ ಒಂದು ಮಾತಿದೆ. ಹಿಟ್ಟು ನಾದುವ ಬಿಸಿನೀರಿಗೆ ಉಪ್ಪು ಹಾಕುವುದು ನಮ್ಮ ಮನೆಯ ರೂಢಿ. ಅವ್ವ ಚಮಚ ಹಿಡಿದು ಅಳೆದವಳಲ್ಲ, ಎಲ್ಲ ಕೈಯಂದಾಜು. ನಾನು ಹಾಸ್ಟೆಲ್ಲಿಗೆ ಹೋದ ಮೇಲೆ ರೊಟ್ಟಿ ಬರಬರುತ್ತ ಸಪ್ಪೆಯಾಗಿತ್ತು. ಅದೇ ಸುಮಾರಿಗೆ ಅಪ್ಪನಿಗೆ ಬಿ.ಪಿ. ಶುರುವಾಗಿತ್ತು. ಗಂಡನ ಆರೋಗ್ಯಕ್ಕೆಂದು ಅವ್ವ ಬೇಕಂತಲೇ ಉಪ್ಪು ಕಡಿಮೆ ಮಾಡಿದ್ದಾಳೆ ಎಂದು ಅಪ್ಪ ತಿಳಿದರು, ನಾನೂ ತಿಳಿದೆ. ಅಪ್ಪನಂತೂ ಶೇಂಗಾ ಮಂಡಿಯಲ್ಲಿ ಗೆಳೆಯರ ಮುಂದೆ ಇದನ್ನು ಹೇಳಿಕೊಂಡು ಬೀಗುತ್ತಿದ್ದರಂತೆ. ಚಟ್ನಿಪುಡಿ ಜಾಸ್ತಿ ಹಚ್ಚಿಕೊಂಡು ಇಬ್ಬರೂ ಸುಮ್ಮನೆ ತಿಂದೆವು.

ಮೇಲಿನ ಓದಿನಲ್ಲಿ ನನಗೆ ಸಿಕ್ಕ ಗೈಡ್ ಮಾತು ಕಡಿಮೆಯ ಹಿರಿಯರು. ಪ್ರಬಂಧಕ್ಕೆ ವಿಷಯ ಕೇಳಲು ಹೋದಾಗ ಅವರು ನನ್ನ ಮುಖವನ್ನೇ ನೋಡುತ್ತ, "ಈಗ ನಿನ್ನ ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಒಂದಕ್ಕೊಂದು ತಾಗಿವೆಯಾ?" ಎಂದರು. ತಾಗಿದ್ದವು. ತಾಗಿದ್ದಲ್ಲ, ಗಟ್ಟಿಯಾಗಿ ಕಚ್ಚಿಕೊಂಡಿದ್ದೆ. "ಊಟ ಮಾಡುವಾಗ ಬಿಟ್ಟರೆ ಬೇರೆ ಹೊತ್ತಿನಲ್ಲಿ ಅವು ತಾಗಬಾರದು. ಹಲ್ಲು ಕಡಿಯುವುದು ನಿದ್ದೆಯಲ್ಲಿ ಮಾತ್ರ ಅಂತ ಜನ ತಿಳಿದಿದ್ದಾರೆ. ಎಚ್ಚರವಿದ್ದಾಗಲೂ ಕಚ್ಚಿ ಹಿಡಿಯುತ್ತಾರೆ, ಅದೂ ಕೆಲಸದಲ್ಲಿ ಮುಳುಗಿದಾಗ. ಕಣ್ಣಿಟ್ಟು ಕೂತು ಮಾಡುವ ಕೆಲಸದವರು ನಿಮ್ಮ ಕಡೆ ಯಾರಿದ್ದಾರೆ?" ಎಂದರು. ನಮ್ಮ ಕಡೆ ಅಂದರೆ ಇನ್ನ್ಯಾರು, ಮೊಳಕಾಲ್ಮುರಿನ ರೇಷ್ಮೆ ಸೀರೆ ನೇಯುವವರು. ಹೀಗೆ ನನ್ನ ವಿಷಯ ನಿಶ್ಚಯವಾಯಿತು.

ಆಮೇಲೆ ಪ್ರಶ್ನೆಪತ್ರ ತಯಾರಿಸಿದೆ. ಇಂಗ್ಲಿಷಿನ ಪುಸ್ತಕದಲ್ಲಿದ್ದ ಪ್ರಶ್ನೆಗಳನ್ನು ನಾನೇ ಕೂತು ಕನ್ನಡಕ್ಕೆ ಇಳಿಸಿದೆ, ಟೈಪು ಮಾಡಿಸಿ ಝೆರಾಕ್ಸ್ ತೆಗೆಸಿದೆ. ಕಟ್ಟು ಕೈಗೆ ಬಂದಾಗ ಆ ಹೊಸ ಕಾಗದದ ವಾಸನೆಗೇ ಅರ್ಧ ಡಿಗ್ರಿ ಸಿಕ್ಕಷ್ಟು ಖುಷಿಯಾಗಿತ್ತು. ಆ ಪಟ್ಟಿಯಲ್ಲಿ ಬಹಳ ಮುಖ್ಯವಾದದ್ದು ಒಂದು ಪ್ರಶ್ನೆ: "ಆಹಾರ ಅಗಿಯುವಾಗ ದವಡೆಯ ಕೀಲಿನಲ್ಲಿ ನೋವು ಬರುತ್ತದೆಯೇ?" ಯಾರಿಗೆ ತೊಂದರೆ ಇದೆ, ಯಾರಿಗೆ ಇಲ್ಲ ಎಂದು ಬೇರ್ಪಡಿಸುತ್ತಿದ್ದದ್ದು ಅದೇ.

ಚಳ್ಳಕೆರೆಯಲ್ಲಿ ಬೆಳಗಿನ ಬಸ್ಸು ಹಿಡಿದು, ಕೊಂಡ್ಲಹಳ್ಳಿಯ ಕಡೆ ಇಳಿಯುವವರೆಲ್ಲ ಇಳಿದ ಮೇಲೆ ಸೀಟು ಸಿಕ್ಕಿ, ಮೊಳಕಾಲ್ಮುರಿನ ಬಂಡೆಗುಡ್ಡ ಕಾಣುವಷ್ಟರಲ್ಲಿ ಬಿಸಿಲೇರಿರುತ್ತಿತ್ತು. ನೇಕಾರರ ಕೇರಿಯಲ್ಲಿ ಮನೆಯೊಳಗೇ ಮಗ್ಗ. ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು ಕೂತು ನೇಯುತ್ತಾರೆ. ಲಾಳಿ ಆ ಕಡೆಯಿಂದ ಈ ಕಡೆ ಓಡುತ್ತದೆ, ಉದ್ದಕ್ಕೆ ಬಿಗಿದ ಹಾಸಿನ ಎಳೆಯೊಂದು ಹರಿದರೆ ಎಲ್ಲ ನಿಲ್ಲುತ್ತದೆ. ಆಗ ಕೂದಲಿಗಿಂತ ಸಣ್ಣ ಆ ಎಳೆಯನ್ನು ಹುಡುಕಿ, ಬೆರಳಲ್ಲಿ ಹೊಸೆದು ಕೂಡಿಸಿ, ಉಳಿದ ತುದಿಯನ್ನು ಹಲ್ಲಿನಿಂದ ಕಡಿದು ಹಾಕುತ್ತಾರೆ. ಪಕ್ಕದಲ್ಲಿ ನಿಂತು ನೋಡಿದರೆ ಅವರ ಕೆನ್ನೆಯ ಹಿಂಭಾಗದಲ್ಲಿ, ಕಿವಿಯ ಕೆಳಗೆ, ಒಂದು ಗಂಟು ಉಬ್ಬಿ ಇಳಿಯುವುದು ಕಾಣುತ್ತಿತ್ತು. ಹಲ್ಲು ಕಚ್ಚಿದಾಗ ಉಬ್ಬುವ ಸ್ನಾಯು ಅದು. ಅದನ್ನು ಮೊದಲು ಕಂಡ ದಿನ ನನಗೆ ಹಬ್ಬ.

ಆದರೆ ಜನ ನನ್ನ ಹಬ್ಬ ಕೆಡಿಸಿದರು. ನಿದ್ದೆಯಲ್ಲಿ ಹಲ್ಲು ಕಡಿಯುತ್ತೀರಾ ಎಂದರೆ, "ನಾವೇನು ಮಕ್ಕಳಾ ಡಾಕ್ಟ್ರಮ್ಮ, ಹೊಟ್ಟ್ಯಾಗೆ ಹುಳ ಇರೋಕೆ?" ಎಂದು ನಕ್ಕರು. ಅಗಿಯುವಾಗ ನೋವು ಬರುತ್ತಾ ಎಂದರೆ, ಇಲ್ಲ. ಪಕ್ಕದ ಮನೆಯಲ್ಲಿ ಇಲ್ಲ, ಎದುರು ಮನೆಯಲ್ಲೂ ಇಲ್ಲ. ನಾನೋ ಕಿವಿಯ ಮುಂದೆ ಬೆರಳಿಟ್ಟು, ಬಾಯಿ ತೆಗೆಸಿ ಮುಚ್ಚಿಸಿ ನೋಡುತ್ತಿದ್ದೆ. ಕೀಲು ಲಟಕ್ ಎನ್ನುತ್ತಿತ್ತು. ಸ್ನಾಯು ಒತ್ತಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಹಲ್ಲುಗಳ ತುದಿ ಸವೆದು ಚಪ್ಪಟೆಯಾಗಿತ್ತು. ಬಾಯಿ ಮಾತ್ರ ಇಲ್ಲ ಎನ್ನುತ್ತಿತ್ತು. ಮೂರು ತಿಂಗಳ ಫಾರಂಗಳನ್ನು ಗೈಡ್ ಮುಂದೆ ಹರಡಿದಾಗ ಅವರು ಒಂದೊಂದೇ ಹಾಳೆ ತಿರುವಿ, "ನಿನ್ನ ಬೆರಳು ಒಂದು ಹೇಳುತ್ತಿದೆ, ಇವರ ಬಾಯಿ ಇನ್ನೊಂದು ಹೇಳುತ್ತಿದೆ. ಜನ ಸುಳ್ಳು ಹೇಳುತ್ತಿದ್ದಾರೆ ಅನ್ನುವ ಮೊದಲು ಪ್ರಶ್ನೆಯನ್ನ ನೋಡು" ಎಂದರು. ನನಗೆ ಸಿಟ್ಟು ಬಂತು. ಪ್ರಶ್ನೆ ಪುಸ್ತಕದ್ದು, ಅದು ಹೇಗೆ ತಪ್ಪಾದೀತು?

ಆ ಸಿಟ್ಟನ್ನು ಹೊತ್ತುಕೊಂಡೇ ಮತ್ತೆ ಮೊಳಕಾಲ್ಮುರಿಗೆ ಹೋದೆ. ಅಲ್ಲೊಬ್ಬ ಅಜ್ಜಿ ಇದ್ದಳು. ಮನೆಮಾತು ತೆಲುಗು, ನನ್ನೊಂದಿಗೆ ಕನ್ನಡ, ಸಲಿಗೆ ಬಂದರೆ ಎರಡೂ ಕಲಸಿದ ಮಾತು. ಅರವತ್ತು ದಾಟಿದರೂ ಕಣ್ಣು ಚುರುಕು, ಹರಿದ ಎಳೆ ಕೂಡಿಸುವುದರಲ್ಲಿ ಆ ಕೇರಿಗೇ ಮೊದಲು. ಅವಳ ದವಡೆ ನನ್ನ ಬೆರಳಿಗೆ ಲಟಲಟ ಎಂದಿತ್ತು, ಫಾರಮ್ಮಿನಲ್ಲಿ ಮಾತ್ರ "ಇಲ್ಲ". ಅವತ್ತು ಮತ್ತೆ ಅದೇ ಪ್ರಶ್ನೆ ಕೇಳಿದೆ, ಮತ್ತೆ ಅದೇ ಉತ್ತರ. ನಾನು ಫಾರಂ ನೆಲಕ್ಕೆ ಬಡಿದು, "ಯಾಕಜ್ಜಿ ಸುಳ್ಳು ಹೇಳ್ತೀಯ? ಒತ್ತಿದ್ರೆ ಕಣ್ಣಾಗೆ ನೀರು ಬರ್ತೈತೆ, ಕೇಳಿದ್ರೆ ನೋವಿಲ್ಲ ಅಂತೀಯ!" ಎಂದು ಕೂಗಿಬಿಟ್ಟೆ. ಹಿರಿಯಳನ್ನು ಅವಳ ಮನೆಯಲ್ಲೇ ಕೂತು ಗದರಿಸಿದ್ದೆ. ಒಳಗಿದ್ದ ಸೊಸೆ ಬಾಗಿಲಿಗೆ ಬಂದು ನಿಂತಳು.

ಅಜ್ಜಿಗೆ ಏನೂ ಅನ್ನಿಸಿದಂತೆ ಕಾಣಲಿಲ್ಲ. ಗುಂಡಿಯಿಂದ ಕಾಲೆತ್ತಿ ಎದ್ದು, "ಹಸಿವಾಗೈತೆ ನಿಂಗೆ. ಅದಕ್ಕೇ ಇಷ್ಟು ಕೋಪಂ. ರಾ ಅಮ್ಮಾ, ಬಾ ಇಲ್ಲಿ, ಮೊದ್ಲು ಬುವ್ವ ತಿನ್ನು" ಎಂದಳು.

ಮೂವರೂ ಊಟಕ್ಕೆ ಕೂತೆವು. ಸೊಸೆ ತನಗೂ ನನಗೂ ಸಜ್ಜೆ ರೊಟ್ಟಿ ಹಾಕಿಕೊಂಡಳು, ಅತ್ತೆಯ ತಟ್ಟೆಗೆ ಮುದ್ದೆ ಇಟ್ಟಳು. ಅಜ್ಜಿ ಮುದ್ದೆಯನ್ನು ಬೆರಳ ತುದಿಯಷ್ಟೇ ಮುರಿದು, ಸಾರಿನಲ್ಲಿ ಹೊರಳಿಸಿ, ಬಾಯಿ ಅರ್ಧ ತೆರೆದು ಒಳಗೆ ಜಾರಿಸಿ ನುಂಗಿದಳು. ಗಲ್ಲ ಅಲುಗಲಿಲ್ಲ. ಮತ್ತೊಂದು ತುತ್ತು, ಮತ್ತೆ ಹಾಗೇ. ನಾನು ಹುಟ್ಟಿದಾಗಿನಿಂದ ಮುದ್ದೆ ಉಂಡವಳು. ಮುದ್ದೆಯನ್ನು ನುಂಗುತ್ತಾರೆ, ಅಗಿಯುವುದಿಲ್ಲ. ಅಗಿದ ಪರವೂರಿನವರನ್ನು ಕಂಡು ನಕ್ಕವಳೂ ನಾನೇ. ಆದರೂ ಕೈಯಲ್ಲಿ ಸಜ್ಜೆ ರೊಟ್ಟಿ ಹಿಡಿದು ಹಾಗೇ ಕೂತುಬಿಟ್ಟೆ.

"ಅಜ್ಜಿ, ನೀನು ರೊಟ್ಟಿ ತಿನ್ನಲ್ವಾ?"

"ಬಿಟ್ಟು ನಾಲ್ಕು ವರ್ಷ ಆತಮ್ಮ."

"ಯಾಕೆ?"

"ಅಗದ್ರೆ ಇಲ್ಲಿ ಕಿವಿತಾವ ನೊಪ್ಪಿ. ಪ್ರಾಣ ಹೋದಂಗಾಗ್ತೈತೆ."

"ಮತ್ತೆ ನಾನು ಕೇಳಿದ್ದು ಅದೇ ಅಲ್ವಾ! ಅಗಿಯುವಾಗ ನೋವು ಬರುತ್ತಾ ಅಂತ?"

ಅಜ್ಜಿ ನನ್ನನ್ನು ಕರುಣೆಯಿಂದ ನೋಡಿದಳು. "ಅಗಿಯೋದೇ ಇಲ್ವಲ್ಲಮ್ಮಾ. ಇಲ್ಲದ್ದಕ್ಕೆ ನೋವು ಅಂತ ಹೆಂಗೆ ಹೇಳ್ಲಿ? ಸುಳ್ಳಾಗ್ತೈತೆ."

ಸುಳ್ಳಾಗಬಾರದು ಎಂದು ಆ ಕೇರಿಯ ಜನ ಮೂರು ತಿಂಗಳು ನನಗೆ ನಿಜವನ್ನೇ ಹೇಳಿದ್ದರು. ಬೇರೆ ಕಡೆ ದವಡೆ ನೊಂದವರು ಅಗಿಯಲೇಬೇಕು, ಅಗಿದು ನೊಂದು ಡಾಕ್ಟರ ಹತ್ತಿರ ಬರುತ್ತಾರೆ. ನಮ್ಮಲ್ಲಿ ಮುದ್ದೆ ಇದೆ. ದವಡೆ ನೊಂದವರು ರೊಟ್ಟಿ ಬಿಟ್ಟು ಮುದ್ದೆಗೆ ಹೋಗುತ್ತಾರೆ, ಹೊಟ್ಟೆ ತುಂಬುತ್ತದೆ, ನೋವು ಯಾರ ಕಣ್ಣಿಗೂ ಬೀಳುವುದಿಲ್ಲ. ಮುದ್ದೆಯ ನಾಡಿನಲ್ಲೇ ಹುಟ್ಟಿ ಇದನ್ನು ಯೋಚಿಸದ ನನಗೆ ಅಜ್ಜಿಯ ಮುಖ ನೋಡಲಾಗಲಿಲ್ಲ. "ತಪ್ಪಾತು ಅಜ್ಜಿ" ಎಂದೆ. "ತಪ್ಪು ಇರಲಿ, ರೊಟ್ಟಿ ಆರ್ತೈತೆ, ತಿನ್ನು" ಎಂದಳು.

ಊಟದ ನಂತರ ಅವಳಿಗೆ ದವಡೆ ಸಡಿಲ ಬಿಡುವುದನ್ನು ಹೇಳಿಕೊಟ್ಟೆ. ತುಟಿ ಕೂಡಿರಬೇಕು, ಹಲ್ಲು ಬಿಡಿಸಿರಬೇಕು, ನಾಲಿಗೆ ಮೇಲಂಗುಳಕ್ಕೆ ತಾಗಿ ಸುಮ್ಮನಿರಬೇಕು. ಮಾಡಿದಳು, ಹಾಯೆನಿಸಿತು ಎಂದಳು. "ಆದ್ರೆ ನೇಯ್ತಾ ಕೂತ್ರೆ ನೆನಪೆಲ್ಲಿರ್ತೈತೆ ಡಾಕ್ಟ್ರಮ್ಮ?" ಎಂದವಳು ಕ್ಷಣ ಯೋಚಿಸಿ, ತನ್ನ ಹಣೆಯ ಸ್ಟಿಕ್ಕರ್ ಬೊಟ್ಟನ್ನು ಕಿತ್ತು ಮಗ್ಗದಲ್ಲಿ ಕಣ್ಣಿಗೆ ನೇರ ಕಾಣುವ ಮರದ ಮೇಲೆ ಅಂಟಿಸಿದಳು. "ಇದನ್ನ ನೋಡಿದಾಗೆಲ್ಲ ಬಿಡ್ತೀನಿ" ಎಂದಳು. ಸೊಸೆ ನಗುತ್ತ ಅತ್ತೆಯ ಹಣೆಗೆ ಬೇರೆ ಬೊಟ್ಟಿಟ್ಟಳು.

ಅವತ್ತೇ ಪೆನ್ನು ತೆಗೆದು ಆ ದೊಡ್ಡ ಪ್ರಶ್ನೆಯನ್ನು ಹೊಡೆದುಹಾಕಿ ಪಕ್ಕದಲ್ಲಿ ಬರೆದೆ: "ರೊಟ್ಟಿ ಬಿಟ್ಟದ್ದು ಯಾವಾಗ?" ಸಂಜೆಯವರೆಗೆ ಅದೇ ಬೀದಿಯಲ್ಲಿ ಮತ್ತೆ ಮನೆಮನೆ ತಿರುಗಿದೆ. ಈ ಸಲ ಯಾರೂ ಇಲ್ಲ ಎನ್ನಲಿಲ್ಲ. ರೊಟ್ಟಿ ಬಿಡದವರು "ಬಿಟ್ಟಿಲ್ವಲ್ಲ" ಎಂದು ಆಶ್ಚರ್ಯಪಟ್ಟರು. ಬಿಟ್ಟವರಿಗೆ ದಿನ ಸಮೇತ ನೆನಪಿತ್ತು. "ಹಿರೇಮಗಳ ಬಾಣಂತನದಾಗೆ" ಎಂದಳೊಬ್ಬಳು. "ಗೌರಸಮುದ್ರದ ಮಾರಮ್ಮನ ಪರಿಷೆಗೆ ಹೋಗಿ ಬಂದು ಎಂಟು ದಿನಕ್ಕೆ" ಎಂದ ಮತ್ತೊಬ್ಬ. ನಾನು ನಿಂತಲ್ಲೇ ಬರೆದುಕೊಂಡೆ. ಇಷ್ಟು ವರ್ಷ ಇಷ್ಟು ಖಚಿತವಾಗಿ ನೆನಪಿಟ್ಟುಕೊಂಡಿದ್ದರೂ ಅವರನ್ನು ಯಾರೂ ಕೇಳಿರಲಿಲ್ಲ.

ಸಂಜೆಯ ಬಸ್ಸಿನಲ್ಲಿ ಚಳ್ಳಕೆರೆಗೆ ಹೊರಟೆ. ಇಡೀ ದಾರಿ ಗೈಡ್‌ಗೆ ಏನು ಹೇಳಬೇಕು, ಅವರು ಏನನ್ನಬಹುದು ಎಂಬುದೇ ಯೋಚನೆ. ಕಾಲೇಜಿನಲ್ಲಿ ಎಲ್ಲರ ಮುಂದೆ ಇದನ್ನು ವಿವರಿಸುವುದನ್ನೂ ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡೆ. ಅವ್ವ ಒಮ್ಮೆಯೂ ನೆನಪಾಗಲಿಲ್ಲ. ಬೇಕೆಂದರೆ ಇದನ್ನು ಮುಚ್ಚಿಡಬಹುದಿತ್ತು. ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ.

ಮರುದಿನ ಭಾನುವಾರ. ಮಧ್ಯಾಹ್ನ ನಾನೂ ಅಪ್ಪನೂ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದೆವು. ಅವ್ವ ನಮಗೆ ಪಕ್ಕವಾಗಿ ಕೂತು ರೊಟ್ಟಿ ತಟ್ಟುತ್ತಿದ್ದಳು. ಹಣೆಯಲ್ಲಿ ಬೆಳಗಿನ ವಿಭೂತಿ, ಕಿವಿಯ ಹಿಂದೆ ಸಿಕ್ಕಿಸಿದ ಕೂದಲು. ಅಂಗೈ ಹಿಟ್ಟಿನ ಮೇಲೆ ಬಿದ್ದಾಗೊಮ್ಮೆ ಕಿವಿಯ ಕೆಳಗೆ ಗಂಟು ಉಬ್ಬುತ್ತಿತ್ತು, ಕೈ ಎದ್ದಾಗ ಇಳಿಯುತ್ತಿತ್ತು. ಮೊಳಕಾಲ್ಮುರಿನಲ್ಲಿ ತಿಂಗಳುಗಟ್ಟಲೆ ನೋಡಿದ್ದ ಅದೇ ಗಂಟು. ಮೂಲೆಯಲ್ಲಿ ಅವ್ವನ ತಟ್ಟೆ ಇತ್ತು. ಅದರಲ್ಲಿ ಮುದ್ದೆ ಇತ್ತು.

"ಅವ್ವಾ, ನೀನು ರೊಟ್ಟಿ ಬಿಟ್ಟದ್ದು ಯಾವಾಗ?"

ಅವ್ವ ತಲೆಯೆತ್ತಲಿಲ್ಲ, ಯೋಚಿಸಲೂ ಇಲ್ಲ. "ನೀನು ಹಾಸ್ಟೆಲ್ಲಿಗೆ ಹೋದ ವರ್ಷ. ಗೌರಿ ಹಬ್ಬದ ಮಾರನೇ ದಿನ" ಎಂದಳು. ಎಂದವಳು ರೊಟ್ಟಿ ಎತ್ತಿ ಹಂಚಿಗೆ ಹಾಕಿದಳು.

"ಏನು ಬಿಟ್ಟದ್ದು? ಮುದ್ದೆ ಇಷ್ಟ ಅಂತ ಅಲ್ವಾ ತಿನ್ನೋದು?" ಎಂದರು ಅಪ್ಪ.

ಅವ್ವನ ಕೈ ತೊಳೆಸಿ, ಹಿತ್ತಲ ಬಾಗಿಲ ಬೆಳಕಿಗೆ ಕರೆದುಕೊಂಡು ಹೋಗಿ ಕೂರಿಸಿದೆ. ಬಾಯಿ ತೆರೆದಾಗ ತನ್ನವೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿದರೆ ಹಿಡಿಯಬೇಕು, ಅದು ನಮ್ಮ ಸುಲಭದ ಅಳತೆ. ಅವ್ವನ ಬಾಯಲ್ಲಿ ಎರಡು ಬೆರಳೂ ಕಷ್ಟದಿಂದ ಹೋದವು. ಕಿವಿಯ ಮುಂದೆ ಮೆತ್ತಗೆ ಒತ್ತಿದೆ. ಅವಳು ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹಿಂದಿನ ಹಲ್ಲುಗಳೆಲ್ಲ ಸವೆದು ನುಣ್ಣಗಾಗಿದ್ದವು.

"ಯಾಕೆ ಹೇಳ್ಲಿಲ್ಲ?" ಎಂದು ಕೂಗಿದೆ. ದುಃಖ ಬಂದರೂ ನನಗೆ ಬರುವುದು ಸಿಟ್ಟಿನ ದನಿಯೇ.

"ನೀನು ಕೇಳ್ಲಿಲ್ಲ" ಎಂದಳು ಅವ್ವ. ಅದರಲ್ಲಿ ದೂರು ಇರಲಿಲ್ಲ. "ಆ ವರ್ಷ ಫೋನ್ ಮಾಡಿದಾಗೆಲ್ಲ ಅಳ್ತಿದ್ದೆ ನೀನು, ಹಾಸ್ಟೆಲ್ ಬ್ಯಾಡ, ಬಂದುಬಿಡ್ತೀನಿ ಅಂತ. ನಿನ್ನ ಸಮಾಧಾನ ಮಾಡ್ಲಾ, ನನ್ನ ದವಡೆ ಕಥೆ ಹೇಳ್ಲಾ? ಆಮೇಲೆ ರೂಢಿ ಆತು. ಮುದ್ದೆ ಏನು ಕೆಟ್ಟದ್ದಾ?"

"ರೊಟ್ಟಿ ಮೇಲೆ ಆಸೆ ಆಗ್ತಿರಲಿಲ್ವಾ?"

ಅವ್ವ ಅಡುಗೆಮನೆಯ ಕಡೆ ನೋಡಿದಳು. "ಹಂಚಿನ ಮೇಲೆ ಉಬ್ಬಿದಾಗ ವಾಸನೆ ಬರ್ತೈತಲ್ಲ, ಆಗ ಆಗ್ತಿತ್ತು. ದಿನಾ ಆಗ್ತಿತ್ತು" ಎಂದಳು. ಹಿತ್ತಲಲ್ಲಿ ಅಮ್ಮ ಮಗಳಿಬ್ಬರೂ ಅತ್ತೆವು. ಅಪ್ಪ ಅಡುಗೆಮನೆಯಲ್ಲಿ ಒಬ್ಬರೇ ಕೂತಿದ್ದರು, ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು.

ಸೋಮವಾರ ಗೈಡ್ ಮುಂದೆ ಹೋಗಿ ಹಳೆಯ ಫಾರಂಗಳೆಲ್ಲ ಕೆಲಸಕ್ಕೆ ಬಾರದವು, ಮತ್ತೆ ಮೊದಲಿನಿಂದ ಕೇಳಬೇಕು ಎಂದೆ. ಪ್ರಬಂಧ ಆರು ತಿಂಗಳು ಹಿಂದೆ ಬಿತ್ತು. ಅವರು ಬೇಸರ ಮಾಡಿಕೊಳ್ಳಲಿಲ್ಲ, ಹೊಸ ಪ್ರಶ್ನೆ ಓದಿ ಅದರ ಪಕ್ಕದಲ್ಲಿ ಸಹಿ ಹಾಕಿದರು. ಆಮೇಲೆ ಅವ್ವನ ವಿಷಯ ಹೇಳಿದೆ. ನಾನು ಮನೆ ಬಿಟ್ಟದ್ದಕ್ಕೇ ಹೀಗಾಯಿತೇ ಎಂದು ಕೇಳಿದೆ. "ದವಡೆಗೆ ಒಂದೇ ಕಾರಣ ಅಂತ ಇರುವುದಿಲ್ಲ. ನಿನ್ನ ಮೇಲೇ ಎಲ್ಲ ಹಾಕಿಕೊಂಡರೆ ಅದೂ ಒಂದು ಜಂಬವೇ. ಹೋಗಿ ಚಿಕಿತ್ಸೆ ಮಾಡು" ಎಂದರು. ಬೈದ ಹಾಗೂ ಇತ್ತು, ಬೆನ್ನು ತಟ್ಟಿದ ಹಾಗೂ ಇತ್ತು.

ಅವ್ವ ಕಾಲೇಜಿಗೆ ಬರಲು ಒಪ್ಪಲಿಲ್ಲ. "ನಿಮ್ಮ ಹುಡುಗ್ರ ಮುಂದೆ ಬಾಯಿ ಕಳಕೊಂಡು ಕೂರೋಕೆ ನನಗೇನು ಬೇರೆ ಕೆಲಸ ಇಲ್ವಾ?" ಎಂದಳು. ಹಾಗಾಗಿ ಎಲ್ಲ ಮನೆಯಲ್ಲೇ. ಪುಸ್ತಕದ ಮೊದಲ ಸಲಹೆ ಮೆತ್ತನೆಯ ಊಟ. ಅದನ್ನು ಅವ್ವ ಆರು ವರ್ಷ ಮೊದಲೇ ತಾನಾಗಿ ಪಾಲಿಸುತ್ತಿದ್ದಳು. ಉಳಿದದ್ದು ಬಿಸಿಬಟ್ಟೆಯ ಶಾಖ, ದಿನಕ್ಕಿಷ್ಟು ಸಲ ಬಾಯಿ ನಿಧಾನ ತೆರೆದು ಮುಚ್ಚುವುದು, ಮತ್ತು ಹಲ್ಲು ಬಿಡಿಸಿಟ್ಟುಕೊಳ್ಳುವುದು. ಮೂರನೆಯದೇ ಕಷ್ಟ. ಆಗ ನೇಕಾರಜ್ಜಿಯ ಬೊಟ್ಟು ನೆನಪಾಯಿತು. ನಮ್ಮವ್ವ ಹಚ್ಚುವುದು ವಿಭೂತಿ ಮತ್ತು ಕುಂಕುಮ, ಅಂಟಿಸುವ ಬೊಟ್ಟು ಮನೆಯಲ್ಲಿರಲಿಲ್ಲ. ಕೇಳಿಸಿಕೊಂಡ ಅಪ್ಪ ಚಪ್ಪಲಿ ಮೆಟ್ಟಿಕೊಂಡು ಪೇಟೆಗೆ ಹೋದರು. ಬಳೆ ಅಂಗಡಿಯ ಸಾಬರು, "ಯಾರಿಗೆ ಗೌಡ್ರೇ?" ಎಂದು ಕಣ್ಣು ಮಿಟುಕಿಸಿದರಂತೆ. "ಗೋಡೆಗೆ" ಎಂದು ಹೇಳಿ ಬಂದರಂತೆ.

ನಿಜವಾಗಿಯೂ ಗೋಡೆಗೇ. ಒಲೆಯ ಹಿಂದಿನ ಗೋಡೆಗೊಂದು, ಹಿಟ್ಟಿನ ಡಬ್ಬಿಯ ಮುಚ್ಚಳಕ್ಕೊಂದು, ಬಚ್ಚಲ ಬಾಗಿಲಿಗೊಂದು, ಕೆಂಪು ಬೊಟ್ಟುಗಳನ್ನು ಅಂಟಿಸುತ್ತಾ ಅಪ್ಪ ಮನೆಯೆಲ್ಲ ಓಡಾಡಿದರು. ದೇವರ ಮನೆಗೆ ಮಾತ್ರ ಬೇಡ ಎಂದಳು ಅವ್ವ. "ಅಲ್ಲಿ ಹಲ್ಲು ಕಡಿಯಲ್ಲ ನಾನು." ಮನೆಗೆ ಬಂದವರೆಲ್ಲ ಇದೇನು ವ್ರತ ಎಂದು ಕೇಳತೊಡಗಿದರು. "ಇದು ಡಾಕ್ಟ್ರು ಹೇಳಿದ ವ್ರತ, ಫಲ ಬಂದ ಮೇಲೆ ಹೇಳ್ತೀನಿ" ಎನ್ನುತ್ತಿದ್ದಳು. ಕೆಲವು ವಾರಗಳಲ್ಲಿ ಅಪ್ಪನೂ ಬೊಟ್ಟು ಕಂಡರೆ ಗಲ್ಲ ಸಡಿಲ ಬಿಡಲು ಕಲಿತಿದ್ದರು. ನಾನು ರಜೆಗೆ ಬಂದಾಗ ಅಪ್ಪ ಪೇಪರು ಓದುತ್ತ ಬಾಯಿ ಅರೆ ತೆರೆದು ಕೂತಿದ್ದರು. ಅವ್ವ ನನಗೆ ಸನ್ನೆ ಮಾಡಿ ತೋರಿಸಿ ನಕ್ಕಳು.

ಬಾಯಿ ಎರಡು ಬೆರಳಿನಷ್ಟು ಸರಾಗ ತೆರೆಯುವ ಹೊತ್ತಿಗೆ ಅವಳ ಹಲ್ಲಿನ ಅಚ್ಚು ತೆಗೆದೆ. ಸಣ್ಣ ಅಚ್ಚಿನ ತಟ್ಟೆಯನ್ನೇ ತಂದಿದ್ದೆ, ಆದರೂ ಕಣ್ಣಲ್ಲಿ ನೀರು ತಂದುಕೊಂಡಳು. ಹಿತ್ತಲಲ್ಲೇ ಅದಕ್ಕೆ ಬಿಳಿ ಗಾರೆ ಹೊಯ್ದು ಆರಲಿಟ್ಟೆ. ಗಟ್ಟಿಯಾದ ಹಲ್ಲಿನ ಮಾದರಿಯನ್ನು ಕೈಯಲ್ಲಿ ಹಿಡಿದು ಅವ್ವ ಬಹಳ ಹೊತ್ತು ನೋಡಿದಳು. "ಇಷ್ಟು ಸವೆದಾವಾ? ನಮ್ಮವ್ವನ ಹಲ್ಲು ಸಾಯೋತನಕ ಮುತ್ತಿನಂಗಿದ್ವು" ಎಂದಳು. ಅವಳ ಹಳೆಯ ಸೀರೆಯ ತುಂಡಿನಲ್ಲಿ ಅದನ್ನು ಸುತ್ತಿ, ಬಸ್ಸಿನಲ್ಲಿ ಮೂರು ತಾಸೂ ತೊಡೆಯ ಮೇಲಿಟ್ಟುಕೊಂಡು ಹೋದೆ. ಬಸ್ಸು ಗುಂಡಿಗೆ ಬಿದ್ದಾಗೆಲ್ಲ ಎರಡೂ ಕೈಯಿಂದ ಒತ್ತಿ ಹಿಡಿದೆ. ಅದಕ್ಕೆ ಸರಿಯಾಗಿ, ನಿದ್ದೆಯಲ್ಲಿ ಹಲ್ಲಿಗೆ ಹಲ್ಲು ತಾಗದಂತೆ ಮಲಗುವಾಗ ಹಾಕಿಕೊಳ್ಳುವ ಪ್ಲೇಟನ್ನು ನಾನೇ ಕೂತು ಉಜ್ಜಿ ನುಣುಪು ಮಾಡಿದೆ. ಲ್ಯಾಬಿನವರಿಗೆ ಕೊಡಲು ಮನಸ್ಸಾಗಲಿಲ್ಲ.

ಪ್ಲೇಟು ಹಾಕಿಕೊಳ್ಳಲು ಶುರುಮಾಡಿ ನಾಲ್ಕೈದು ತಿಂಗಳಾದ ಮೇಲೆ ಒಂದು ಭಾನುವಾರ ಅವ್ವ ಕರೆದು, "ನೋಡಿಲ್ಲಿ" ಎಂದಳು. ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯಿಗಿಟ್ಟು ತೋರಿಸಿದಳು. ಮೂರನೆಯದು ತುಸು ಬಿಗಿಯಾಗಿಯೇ ಹೋಯಿತು, ಆದರೆ ಹೋಯಿತು. ಕಿವಿಯ ಮುಂದೆ ಒತ್ತಿದೆ. ಮಣಿಕಟ್ಟು ಹಿಡಿಯಲಿಲ್ಲ.

"ಹಂಗಾದ್ರೆ ತಿನ್ನಲಾ?" ಎಂದಳು. ಆ ದನಿಯಲ್ಲಿ ನನ್ನ ಅವ್ವ ಸಣ್ಣ ಹುಡುಗಿಯಾಗಿದ್ದಳು.

ಅವತ್ತು ಮೊದಲ ರೊಟ್ಟಿ ಯಾರ ತಟ್ಟೆಗೂ ಬೀಳಲಿಲ್ಲ. ಅವ್ವ ಅದನ್ನು ತನ್ನ ತಟ್ಟೆಯಲ್ಲಿಟ್ಟುಕೊಂಡಳು. ಅಪ್ಪ ಎದುರಿಗೆ, ನಾನು ಪಕ್ಕಕ್ಕೆ, ಇಬ್ಬರೂ ಉಸಿರು ಹಿಡಿದು ನೋಡುತ್ತಿದ್ದೆವು. "ಹಿಂಗೆ ನೋಡ್ತಾ ಕೂತ್ರೆ ಗಂಟಲಾಗೆ ಇಳೀತೈತಾ? ಆ ಕಡೆ ತಿರುಗಿ ಕೂತ್ಕೊಳ್ರಿ ಇಬ್ರೂ" ಎಂದು ಗದರಿದಳು. ನಾವು ಬೆನ್ನು ಮಾಡಿ ಕೂತೆವು. ಹಿಂದೆ ರೊಟ್ಟಿ ಮುರಿದ ಸದ್ದಾಯಿತು. ಆಮೇಲೆ ಗರಿಗರಿ ಅಂಚು ಹಲ್ಲಿಗೆ ಸಿಕ್ಕಿ ಒಡೆದ ಸದ್ದು. ನಿಧಾನವಾಗಿ ಅಗಿದಳು. ನಿಂತಳು. ಮತ್ತೆ ಅಗಿದಳು.

"ನೋವಾಯ್ತಾ ಅವ್ವಾ?" ಎಂದೆ, ಗೋಡೆಯ ಬೊಟ್ಟನ್ನೇ ನೋಡುತ್ತ.

"ನೋವಿಲ್ಲ" ಎಂದಳು. ಇನ್ನೊಂದು ತುತ್ತು ಅಗಿದು, "ಆದ್ರೆ ಇದ್ಯಾಕೆ ಇಷ್ಟು ಸಪ್ಪಗೈತೆ? ಉಪ್ಪೇ ಇಲ್ಲ!" ಎಂದಳು.

ನಾವು ತಿರುಗಿದೆವು. ಅವ್ವ ಕೈಯಲ್ಲಿದ್ದ ರೊಟ್ಟಿಯನ್ನು ಅಪರಿಚಿತರನ್ನು ನೋಡುವಂತೆ ನೋಡುತ್ತಿದ್ದಳು. ಒಂದು ದಿನ ತಿಂದು, ಹೆಚ್ಚೋ ಕಡಿಮೆಯೋ ನೋಡಿ, ಮರುದಿನ ಸರಿಮಾಡುವುದು ಅವಳ ಕೈಯಂದಾಜಿನ ಲೆಕ್ಕ. ಆರು ವರ್ಷದ ಮೇಲಾಯಿತು, ಅವಳು ತಿಂದೇ ನೋಡಿರಲಿಲ್ಲ.

"ದಿನಾ ಇದನ್ನೇ ಹಾಕ್ತಿದ್ನಾ ನಿಮ್ಗೆ?" ಎಂದಳು.

"ನನ್ನ ಬಿ.ಪಿ.ಗೆ ಅಂತ ಮಾಡಿದ್ದಲ್ವಾ ನೀನು?" ಎಂದರು ಅಪ್ಪ.

"ನಿಮ್ಮ ಬಿ.ಪಿ.ಗೆ ಸಾರಿಗೆ ಕಮ್ಮಿ ಹಾಕ್ತಿದ್ದೆ. ರೊಟ್ಟಿಗೆ ಸರಿಯಾಗೇ ಹಾಕ್ತಿದೀನಿ ಅಂದ್ಕೊಂಡಿದ್ದೆ. ಇಷ್ಟು ವರ್ಷ ಇಬ್ರೂ ಸುಮ್ನೆ ತಿಂದ್ರಾ? ಒಬ್ರಾದ್ರೂ ಯಾಕೆ ಹೇಳ್ಲಿಲ್ಲ?"

ಅಪ್ಪ ತಟ್ಟೆ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಮೆಲ್ಲಗೆ, "ನೀನು ಕೇಳ್ಲಿಲ್ಲ" ಎಂದರು.

ಅವ್ವ ನಕ್ಕಳು. ಮೊದಲು ತುಟಿಯಲ್ಲಿ, ಆಮೇಲೆ ತಡೆಯಲಾರದೆ ಬಾಯಿ ತುಂಬ. ಸವೆದ ಹಲ್ಲುಗಳೆಲ್ಲ ಕಾಣುವಂತೆ, ಕಣ್ಣೊರೆಸಿಕೊಳ್ಳುತ್ತ ನಕ್ಕಳು. ಬಾಯಿ ಎಷ್ಟು ತೆರೆಯುತ್ತದೆಂದು ಅಳೆಯುವ ಸ್ಕೇಲು ನನ್ನ ಚೀಲದಲ್ಲೇ ಇತ್ತು. ತೆಗೆಯಲಿಲ್ಲ.

ಮರುದಿನದ ಬೆಳಗಿನ ಬಸ್ಸಿಗೆ ಹೊರಡುವ ಮೊದಲು ಅವ್ವ ಮತ್ತೆ ರೊಟ್ಟಿ ತಟ್ಟಿದಳು. ಉಪ್ಪು ಜಾಸ್ತಿಯಾಗಿತ್ತು. ಮೊದಲ ತುತ್ತಿಗೇ ನಾನೂ ಅಪ್ಪನೂ ಒಟ್ಟಿಗೆ ಹೇಳಿಬಿಟ್ಟೆವು.